ಗಂಟಲು ಕಟ್ಟಿದ ವಾರ: ಪುಣೆಯ ಒಂದು ಮನೆಶಾಲೆಯ ಓದಿನ ಪ್ರಕರಣ

ಜುಲೈ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಲು ಬಾಯಿ ತೆರೆದರೆ ಗಾಳಿ ಬಂತು, ದನಿ ಬರಲಿಲ್ಲ. ಎರಡು ದಿನದಿಂದ ಕೆಮ್ಮು, ಹೊರಗೆ ಬಿಡದ ಮಳೆ. ಕಿವಿ ಮೂಗು ಗಂಟಲಿನ ವೈದ್ಯರು ಪುಟ್ಟ ಕನ್ನಡಿಯನ್ನು ಗಂಟಲಿಗೆ ಇಳಿಸಿ ನೋಡಿ, ಧ್ವನಿಪೆಟ್ಟಿಗೆ ಊದಿಕೊಂಡಿದೆ, ಒಂದು ವಾರ ಮಾತು ಬಂದ್ ಎಂದು ಮರಾಠಿಯಲ್ಲಿ ಹೇಳಿದರು. ಪಿಸುಮಾತಾದರೂ ಆಡಬಹುದೇ ಎಂದು ಚೀಟಿಯಲ್ಲಿ ಬರೆದು ಕೇಳಿದೆ. ಅದಂತೂ ಕೂಡದು, ಪಿಸುಗುಟ್ಟಿದರೆ ಧ್ವನಿತಂತುಗಳಿಗೆ ಇನ್ನಷ್ಟು ಶ್ರಮ ಎಂದರು. ಇಬ್ಬರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವಳು ನಾನು. ರಿಕ್ಷಾದಲ್ಲಿ ಮನೆಗೆ ಬರುತ್ತ, ಈ ವಾರದ ಓದು ಹೊಳೆಯಲ್ಲಿ ಹೋಯಿತು ಎಂದುಕೊಂಡೆ.

ಆ ವಾರ ನಡೆದದ್ದನ್ನು ದಿನದಿನವೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದೆ. ಮಾತಿಲ್ಲದವಳಿಗೆ ಬರೆಯುವುದೊಂದೇ ಕೆಲಸ ಉಳಿದಿತ್ತು. ಅದನ್ನು ಈಗ ಒಂದು ಪ್ರಕರಣವಾಗಿ ಜೋಡಿಸಿ ಇಡುತ್ತಿದ್ದೇನೆ.

ಮನೆ ಮತ್ತು ಮಕ್ಕಳು

ನಾವು ಧಾರವಾಡದವರು, ಪುಣೆಯ ಕೋಥರೂಡಿಗೆ ಬಂದು ಹನ್ನೊಂದು ವರ್ಷ. ಮಕ್ಕಳ ಅಪ್ಪ ಚಾಕಣದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಬೆಳಗಾಗುತ್ತಲೇ ಕಂಪನಿಯ ಬಸ್ ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಮನೆಯಲ್ಲಿ ಕುಳಿತು ಕನ್ನಡ ಪುಸ್ತಕಗಳ ಪ್ರೂಫ್ ನೋಡುತ್ತೇನೆ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು.

ಮಗಳು ಎರಡನೆಯ ತರಗತಿ ಮುಗಿಸಿದ ಮೇಲೆ ಶಾಲೆ ಬಿಡಿಸಿದೆವು. ಅದರ ಪುರಾಣ ಇಲ್ಲಿ ಬೇಡ. ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕುಲುಕಾಡಿ ಬರುತ್ತಿದ್ದ ಮಗು ಸಂಜೆ ಯಾರ ಜೊತೆಗೂ ಮಾತನಾಡದೆ ಮಲಗಿಬಿಡುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಕಾನೂನಿನ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಊರಿನಿಂದ ಬರುವ ನೆಂಟರು ಎಲ್ಲರಿಗಿಂತ ಮೊದಲು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿ ಕೊಡುತ್ತದೆ. ಮನೆಶಾಲೆ ಎಂಬ ಮಾತನ್ನೇ ಅದು ಎತ್ತುವುದಿಲ್ಲ. ಹಾಗಾಗಿ ನಮ್ಮಂಥವರು 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಕಡೆ ನೋಡುತ್ತೇವೆ. ಅದರಲ್ಲಿ ಮೂರು, ಐದು ಮತ್ತು ಎಂಟನೆಯ ತರಗತಿಗೆ ಸಮನಾದ ಹಂತಗಳಿವೆ. ಹದಿನಾಲ್ಕು ತುಂಬಿದರೆ ಹತ್ತನೆಯದರ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ನೆಂಟರಿಗೆ ಇಷ್ಟು ಹೇಳಿದರೆ ಚಹಾ ತಣ್ಣಗಾಗುವ ಮುಂಚೆ ವಿಷಯ ಬದಲಾಗುತ್ತದೆ.

ಮಗಳಿಗೆ ಗಣಿತ ಸುಸೂತ್ರ. ಇಂಗ್ಲಿಷ್ ಶಾಲೆಯಲ್ಲೇ ಹತ್ತಿತ್ತು. ಮರಾಠಿಯನ್ನು ಅವಳಿಗೆ ಯಾರೂ ಕಲಿಸಲಿಲ್ಲ. ನಾವಿರುವ ಮನೆಗಳ ಸಮುಚ್ಚಯದ, ಅಂದರೆ ಸೊಸಾಯಿಟಿಯ, ಅಂಗಳ ಮಾತು ಕಲಿಸಿತು, ಬೀದಿಯ ಫಲಕಗಳು ಓದು ಕಲಿಸಿದವು. ಪುಣೆಯ ಫಲಕಗಳಿಗೆ ತಮ್ಮದೇ ಒಂದು ಗತ್ತು ಇದೆ, ‘ಪುಣೇರಿ ಪಾಟ್ಯಾ’ ಎಂದು ಊರೆಲ್ಲ ಹೆಸರು. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಚಕ್ರದ ಗಾಳಿ ತೆಗೆಯುವ ಬೆದರಿಕೆ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕರೆಗಂಟೆ ಒತ್ತಿದವರಿಗೆ ಕಾದಿರುವ ಮರ್ಯಾದೆ. ಇಂಥವನ್ನು ಓದಿ ನಗಬೇಕೆಂಬ ಆಸೆಗೇ ಅವಳು ಏಳು ವರ್ಷಕ್ಕೆ ದೇವನಾಗರಿ ಕಲಿತಳು.

ಮನೆಯ ಮಾತು ಕನ್ನಡ. ಅದನ್ನು ಓದುವುದೊಂದು ಮಾತ್ರ ಅವಳಿಗೆ ಆಗುತ್ತಿರಲಿಲ್ಲ.

ತೊಡಕು ಎಲ್ಲಿತ್ತು

ಅಕ್ಷರ ಬರುತ್ತಿರಲಿಲ್ಲ ಎಂದಲ್ಲ. ನಲವತ್ತೊಂಬತ್ತು ಅಕ್ಷರಗಳೂ ಬರುತ್ತಿದ್ದವು, ಕಾಗುಣಿತವೂ ಬರುತ್ತಿತ್ತು. ಬಿಡಿ ಪದ ಕೊಟ್ಟರೆ ಓದುತ್ತಿದ್ದಳು. ಪುಸ್ತಕ ತೆರೆದು ಒಂದು ಪುಟ ಓದು ಎಂದರೆ ಹೊಟ್ಟೆನೋವು, ನೀರಡಿಕೆ, ಪೆನ್ಸಿಲ್ ಕಾಣೆ. ಎರಡು ಸಾಲು ಓದುವಷ್ಟರಲ್ಲಿ ದನಿ ಇಳಿದು ನೆಲಕ್ಕೆ ಸೇರುತ್ತಿತ್ತು.

ಅವಳ ತಪ್ಪುಗಳನ್ನು ನಾನು ಪ್ರೂಫ್ ನೋಡುವವಳ ಶಿಸ್ತಿನಿಂದ ಪಟ್ಟಿ ಮಾಡಿದ್ದೆ. ದೊಡ್ಡವು ಮೂರು. ಮೊದಲನೆಯದು ಅರ್ಕಾವೊತ್ತು. ‘ಸೂರ್ಯ’ ಎಂದು ಬರೆಯುವಾಗ ಕನ್ನಡದ ಒಂಬತ್ತರಂತೆ ಕಾಣುವ ಆ ಗುರುತು ಯಕಾರದ ಆಚೆ ಬದಿಗೆ ಬರುತ್ತದೆ, ಉಚ್ಚಾರ ಮಾತ್ರ ಯಕಾರಕ್ಕಿಂತ ಮೊದಲು. ಕಣ್ಣಿಗೆ ಬಿದ್ದ ಕ್ರಮದಲ್ಲೇ ಓದುವ ಮಗು ‘ಸೂಯ್ರ’ ಎನ್ನದೆ ಇನ್ನೇನು ಅಂದೀತು? ‘ಕರ್ಮ’ ಅವಳ ಬಾಯಲ್ಲಿ ‘ಕಮ್ರ’.

ಎರಡನೆಯದು ಒತ್ತಕ್ಷರಕ್ಕೆ ಸ್ವರ ಸೇರಿದಾಗ. ‘ಶಕ್ತಿ’ಯಲ್ಲಿ ಗುಡಿಸು ಅಂಟಿರುವುದು ಮೇಲಿನ ಕಕಾರಕ್ಕೆ, ಕೇಳಿಸುವುದು ಕೆಳಗಿನ ತಕಾರದ ನಂತರ. ಅವಳು ಅದನ್ನು ‘ಶಕಿತ’ ಎಂದು ಓದುತ್ತಿದ್ದಳು. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗಿ ಎರಡನೆಯದು ಪೂರ್ತಿ ನಿಲ್ಲುತ್ತದೆ, ಕನ್ನಡದಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಕಾಲಡಿಗೆ ಹೋಗುತ್ತದೆ. ಒಂದರಲ್ಲಿ ಪಳಗಿದ ಕಣ್ಣಿಗೆ ಇನ್ನೊಂದು ತಲೆಕೆಳಗು.

ಮೂರನೆಯದು ಎತ್ವ ಏತ್ವ, ಒತ್ವ ಓತ್ವ. ಮರಾಠಿ ಬರವಣಿಗೆಯಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘ ಎಂಬ ಭೇದವಿಲ್ಲ. ನಮ್ಮಲ್ಲಿ ಅದೇ ಭೇದದ ಮೇಲೆ ಬೆಳೆ ಬೇರೆ, ಬೇಳೆ ಬೇರೆ. ಮಾತನಾಡುವಾಗ ಅವಳು ಒಮ್ಮೆಯೂ ಇವನ್ನು ತಪ್ಪಿದವಳಲ್ಲ. ಓದುವಾಗ ಮಾತ್ರ ದೀರ್ಘದ ಆ ಬಾಲ ಅವಳ ಕಣ್ಣಿಗೇ ಬೀಳುತ್ತಿರಲಿಲ್ಲ.

ನನ್ನ ರೋಗನಿರ್ಣಯ ಸಿದ್ಧವಾಗಿತ್ತು: ಮರಾಠಿ ಅಡ್ಡ ಬರುತ್ತಿದೆ. ಚಿಕಿತ್ಸೆಯೂ ಸಿದ್ಧ: ಇನ್ನಷ್ಟು ಅಭ್ಯಾಸ, ತಪ್ಪು ಬಿದ್ದ ತಕ್ಷಣ ತಿದ್ದುವುದು, ಅರ್ಕಾವೊತ್ತಿನ ಪದಗಳ ನಲವತ್ತು ಕಾರ್ಡು. ಹೀಗೆ ಹತ್ತು ತಿಂಗಳು ನಡೆದಿತ್ತು. ಪ್ರತಿ ಭಾನುವಾರ ಅವಳು ಒಂದು ಪುಟ ಓದುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಧಾರವಾಡದ ಅಜ್ಜಿಗೆ ಕಳುಹಿಸುವುದು ವಾಡಿಕೆ. ಅಜ್ಜಿ ಒಂದು ಹೂವಿನ ಚಿತ್ರ ಕಳುಹಿಸುತ್ತಿದ್ದರು, ಬೇರೆ ಮಾತಿಲ್ಲ.

ಸೋಮವಾರ

ವೈದ್ಯರಲ್ಲಿಂದ ಬಂದವಳೇ ಹಳೆಯ ಪ್ರೂಫ್ ಹಾಳೆಗಳನ್ನು ಕತ್ತರಿಸಿ ಚೀಟಿ ಮಾಡಿ, ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ. ಮೊದಲ ಚೀಟಿಗೇ ಅನಾಹುತ. ನಾನು ಬಟ್ಟೆ ಒಣಹಾಕುತ್ತಿದ್ದೆ, ಒಲೆಯ ಮೇಲೆ ಹಾಲು. ಪಾತ್ರೆಯ ಅಂಚಿಗೆ ನೊರೆ ಬಂದದ್ದು ಬಾಲ್ಕನಿಯಿಂದ ಕಾಣಿಸಿತು. ಕೂಗುವಂತಿಲ್ಲ. ‘ಹಾಲು ಉಕ್ಕುತ್ತಿದೆ, ಒಲೆ ಆರಿಸು’ ಎಂದು ಬರೆದು ಮಗಳ ಕೈಗೆ ಕೊಟ್ಟೆ. ಅವಳು ನಿಂತಲ್ಲೇ ಬಿಡಿಸತೊಡಗಿದಳು: “ಉಕು... ಉಕುಕ... ಉಕ್ಕು...” ಉಕ್ಕು ಎಂಬುದು ಅವಳಿಗೆ ತಿಳಿಯುವುದಕ್ಕೂ ಹಾಲು ಒಲೆಯ ಮೇಲೆ ಚುರ್ರೆನ್ನುವುದಕ್ಕೂ ಸರಿಹೋಯಿತು. ಓಡಿಹೋಗಿ ಆರಿಸಿದ ನನಗೆ ಆಮೇಲೆ ಹೊಳೆಯಿತು, ಬರೆಯುವ ಬದಲು ನಾನೇ ಮೊದಲು ಓಡಬಹುದಿತ್ತು! ಮೇಷ್ಟರಿಗೆ ಬುದ್ಧಿ ತಡವಾಗಿ ಬರುತ್ತದೆ.

ಹತ್ತು ಗಂಟೆಗೆ ಓದಿನ ಹೊತ್ತು. ಅಜ್ಜಿ ಕಳುಹಿಸಿದ್ದ ಜಾನಪದ ಕಥೆಗಳ ಪುಸ್ತಕ ತೆರೆದು ಅವಳ ಮುಂದಿಟ್ಟೆ. ಕತ್ತೆಯ ಕಿವಿಯ ರಾಜನ ಕಥೆ, ಎಲ್ಲರಿಗೂ ಗೊತ್ತಿರುವುದೇ. ರಾಜನ ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಕ್ಷೌರಿಕ ಗುಂಡಿ ತೋಡಿ ಅದರಲ್ಲಿ ಹೇಳಿಬಿಡುತ್ತಾನೆ, ಅಲ್ಲಿ ಹುಟ್ಟಿದ ಗಿಡ ಅದನ್ನು ಎಲ್ಲರಿಗೂ ಹೇಳಿಬಿಡುತ್ತದೆ. ಮೊದಲ ಸಾಲಿನಲ್ಲೇ ‘ದೊರೆ’ ಎಂಬುದನ್ನು ‘ದೋರೆ’ ಎಂದಳು. ನನಗೆ ದನಿ ಇಲ್ಲ, ಆದರೆ ಬೆರಳು ಇತ್ತಲ್ಲ, ಅದು ತಾನಾಗಿಯೇ ಹೋಗಿ ಆ ಪದವನ್ನು ಟಕ್ ಟಕ್ ಎಂದು ಕುಟ್ಟಿತು. ಮಗಳು ತಲೆ ಎತ್ತಿ ಹೇಳಿದಳು: “ಅವ್ವ, ಡಾಕ್ಟರು ಮಾತನಾಡಬೇಡ ಎಂದಿದ್ದಾರೆ. ಬೆರಳೂ ಮಾತನಾಡಬಾರದು.”

ನಾನು ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡೆ. ಅವಳು ಮತ್ತೆ ಒಂದೆರಡು ಸಾಲು ಓದಿ ನನ್ನ ಮುಖ ನೋಡಿದಳು. ಏನೂ ಬರಲಿಲ್ಲ. ಆಗ ಪುಸ್ತಕವನ್ನು ಎತ್ತಿಕೊಂಡು ಹೋಗಿ ನೆಲದ ಮೇಲೆ ಡಬ್ಬಗಳನ್ನು ಪೇರಿಸುತ್ತಿದ್ದ ತಮ್ಮನ ಪಕ್ಕದಲ್ಲಿ ಕುಳಿತಳು. ನಾನು ಹೇಳಿಕೊಟ್ಟದ್ದಲ್ಲ. ನನ್ನ ಜೊತೆ ಓದುವುದು ಅವಳಿಗೆ ಗೋಡೆಯ ಜೊತೆ ಓದಿದಂತಾಗಿರಬೇಕು.

ಐದು ವರ್ಷದ ಹುಡುಗನಿಗೆ ಓದು ಬರುವುದಿಲ್ಲ. ಅಕ್ಕ ತಪ್ಪು ಓದಿದರೂ ಅವನಿಗೆ ತಿಳಿಯದು. ಅವನಿಗೆ ಬೇಕಾದದ್ದು ಕಥೆ. ‘ಕ್ಷೌರಿಕ’ ಎಂಬ ಪದ ಬಂತು. ಅವಳು ‘ಕಷ... ಕಷೌ...’ ಎಂದು ಎಡವಿದಳು. “ಅಂದರೆ ಯಾರು?” ಎಂದ. ಅವಳು ಪುಟದ ಕೆಳಗಿನವರೆಗೆ ಮನಸ್ಸಿನಲ್ಲೇ ಓದಿಕೊಂಡು ಬಂದು, “ರಾಜನ ಕೂದಲು ಕತ್ತರಿಸುವವನು” ಎಂದಳು. ಅಲ್ಲಿಂದ ಮುಂದೆ ಆ ಪದ ಬಂದಲ್ಲೆಲ್ಲ ‘ಕೂದಲಿನವನು’ ಎಂದೇ ಓದಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹಲ್ಲು ನಾನೇ ಕಡಿದುಕೊಂಡೆ. ಮುದ್ರಣದಲ್ಲಿ ಯಾರಾದರೂ ಹೀಗೆ ಪದ ಬದಲಿಸಿದ್ದರೆ ಕೆಂಪು ಶಾಯಿ ಹರಿದಿರುತ್ತಿತ್ತು. ಆದರೆ ಒಂದು ವಿಷಯ ಒಪ್ಪಬೇಕು: ಹತ್ತು ತಿಂಗಳಲ್ಲಿ ಅವಳು ಪುಟದ ಕೊನೆಯವರೆಗೆ ತಾನಾಗಿ ಕಣ್ಣು ಹಾಯಿಸಿದ್ದು ಅದೇ ಮೊದಲು.

ಸಂಜೆ ಮಗ ಬಾಲ್ಕನಿಯ ತುಳಸಿ ಕುಂಡದ ಮಣ್ಣನ್ನು ಚಮಚದಿಂದ ತೋಡಿ, ಬಾಯಿ ಹತ್ತಿರ ಇಟ್ಟು ಏನನ್ನೋ ಹೇಳಿ ಮುಚ್ಚುತ್ತಿದ್ದ. ಏನು ಹೇಳಿದೆ ಎಂದು ಅಪ್ಪ ಕೇಳಿದರೆ, “ಹೇಳಿದರೆ ಗಿಡ ಎಲ್ಲರಿಗೂ ಹೇಳಿಬಿಡುತ್ತದೆ” ಎಂದ. ಬಾಯಿ ಬಿಡಲೇ ಇಲ್ಲ.

ಅದೇ ರಾತ್ರಿ, ಹಳೆಯ ರೆಕಾರ್ಡಿಂಗ್

ಮಕ್ಕಳು ಮಲಗಿದ ಮೇಲೆ ಹೊತ್ತು ಹೋಗದೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಜೂನ್ ತಿಂಗಳಲ್ಲಿ ಅಜ್ಜಿಗೆ ಕಳುಹಿಸಿದ್ದ ಒಂದು ರೆಕಾರ್ಡಿಂಗ್ ಕೇಳಿದೆ. ನಾಲ್ಕು ನಿಮಿಷದ್ದು. ಅದರಲ್ಲಿ ಮಗಳ ದನಿಯಷ್ಟೇ ನನ್ನ ದನಿಯೂ ಇತ್ತು. ಇನ್ನೊಮ್ಮೆ ಹಾಕಿ ಎಣಿಸಿದೆ. ಇಪ್ಪತ್ಮೂರು ಬಾರಿ ಬಾಯಿ ಹಾಕಿದ್ದೆ. ಸಿಟ್ಟಿನಿಂದಲ್ಲ, ಬಹಳ ಮೆತ್ತಗೆ, “ಊಂ, ನೋಡು, ದೀರ್ಘ”, “ಒತ್ತು ಎಲ್ಲಿ”, “ಮತ್ತೊಮ್ಮೆ”. ಮೆತ್ತಗಿದ್ದದ್ದಕ್ಕೇ ನನಗೆ ಅದು ತಪ್ಪು ಎಂದು ಅನ್ನಿಸಿರಲಿಲ್ಲ.

ಮೂರನೆಯ ಬಾರಿ ಕೇಳಿದಾಗ ಇನ್ನೊಂದು ಕಾಣಿಸಿತು. ತಪ್ಪು ಅವಳ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಸರಿ ನನ್ನ ಬಾಯಿಂದ ಬಿದ್ದಿರುತ್ತಿತ್ತು. ಎರಡು ಕಡೆ ಅವಳು ಸರಿಯಾಗಿಯೇ ಓದುತ್ತಿದ್ದಳು. ಅರ್ಕಾವೊತ್ತು ಬರುತ್ತಿದೆ, ಇನ್ನೇನು ತಪ್ಪುತ್ತಾಳೆ ಎಂದು ಮೊದಲೇ ಲೆಕ್ಕ ಹಾಕಿ ನಾನು ತಿದ್ದಿಬಿಟ್ಟಿದ್ದೆ. ಅವಳು ಗೊಂದಲಕ್ಕೆ ಬಿದ್ದು, ಸರಿಯಾದದ್ದನ್ನು ಬಿಟ್ಟು ಬೇರೆ ಏನನ್ನೋ ಹೇಳಿದ್ದಳು. ಆಗ ಮತ್ತೆ ತಿದ್ದಿದ್ದೆ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳಲ್ಲಿ ಟೇಪ್ ಇಟ್ಟು ಅಳೆದಿದ್ದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ. ಅದು ಪ್ರಶ್ನೋತ್ತರದ ಮಾತು, ಗಟ್ಟಿ ಓದಿನದಲ್ಲ. ಆದರೂ ನನ್ನ ರೆಕಾರ್ಡಿಂಗಿನ ಮುಂದೆ ಆ ಒಂದು ಸೆಕೆಂಡೂ ಧಾರಾಳ ಅನ್ನಿಸಿತು. ನ್ಯೂಜಿಲೆಂಡಿನ ಮೇರಿ ಕ್ಲೇ ಮಕ್ಕಳ ಓದನ್ನು ದಾಖಲಿಸಲು ಒಂದು ಪದ್ಧತಿ ಮಾಡಿದರು. ಅದರಲ್ಲಿ ತಪ್ಪಿಗೆ ಒಂದು ಗುರುತು, ತಪ್ಪಿ ತಾನೇ ತಿದ್ದಿಕೊಂಡದ್ದಕ್ಕೆ ಬೇರೆಯೇ ಗುರುತು. ಆ ಎರಡನೆಯ ಗುರುತು ಹಾಕುವ ಅವಕಾಶವೇ ನಮ್ಮ ಮನೆಯಲ್ಲಿ ಇರಲಿಲ್ಲ. ತಾನೇ ತಿದ್ದಿಕೊಳ್ಳಲು ಮಗುವಿಗೆ ಮೊದಲು ತನ್ನ ತಪ್ಪು ತನಗೆ ಕೇಳಿಸಬೇಕಲ್ಲ.

ಮರುದಿನದಿಂದ ನೋಟ್‌ಬುಕ್ಕಿನಲ್ಲಿ ಎರಡು ಗುರುತು ಹಾಕತೊಡಗಿದೆ, ಅಡುಗೆಮನೆಯಲ್ಲಿ ನಿಂತೇ.

ಮಂಗಳ, ಬುಧ

ಮಂಗಳವಾರ ಬರೆಯುವಂಥದ್ದು ಹೆಚ್ಚಿಲ್ಲ. ಭಿನ್ನರಾಶಿ ಲೆಕ್ಕಗಳನ್ನು ಚೀಟಿಯಲ್ಲೇ ಮಾಡಿದೆವು. ಓದು ಹದಿನೈದು ನಿಮಿಷ, ತಮ್ಮನ ಒತ್ತಾಯದ ಮೇಲೆ.

ಬುಧವಾರದ್ದು ಹೊಸ ಕಥೆ, ರೈತನೂ ನರಿಯೂ. “ರೈತ ಬೇಳೆ ಕೊಯ್ದು ಕಣಕ್ಕೆ ತಂದನು” ಎಂದು ಓದಿದಳು. ಹುಡುಗ ತಡೆದ: “ಬೇಳೆಯನ್ನು ಕೊಯ್ಯುವುದು ಹೇಗೆ? ಅದು ಡಬ್ಬದಲ್ಲಿ ಇರುತ್ತದೆ.” ಎದ್ದು ಹೋಗಿ ತೊಗರಿಬೇಳೆಯ ಡಬ್ಬವನ್ನೇ ತಂದು ಅಕ್ಕನ ಮುಂದಿಟ್ಟ, ಸಾಕ್ಷಿಗೆ. ಅವಳು ಡಬ್ಬ ನೋಡಿದಳು, ಪುಸ್ತಕ ನೋಡಿದಳು. ಡಬ್ಬದ ಮೇಲೆ ನಾನೇ ಅಂಟಿಸಿದ ಚೀಟಿಯಲ್ಲಿ ‘ತೊಗರಿಬೇಳೆ’ ಎಂದಿದೆ, ಬಕಾರದ ಪಕ್ಕದಲ್ಲಿ ದೀರ್ಘದ ಬಾಲ. ಪುಸ್ತಕದಲ್ಲಿ ಬಾಲ ಇಲ್ಲ. “ಬೆಳೆ!” ಎಂದು ಕೂಗಿದಳು. “ಇದಕ್ಕೆ ಬಾಲ ಇಲ್ಲ, ಇದು ಬೆಳೆ.” ಆಮೇಲೆ ಹಿಂದಿನ ಪುಟಕ್ಕೆ ಹೋಗಿ ಬಾಲ ಇರುವವು ಇಲ್ಲದವು ಯಾವುವು ಎಂದು ಹುಡುಕಿದಳು. ‘ದೊರೆ’ ಎಂಬುದು ‘ದೋರೆ’ ಅಲ್ಲ ಎಂದು ತಮ್ಮನಿಗೆ ಪಾಠ ಹೇಳಿದಳು. ಅವನಿಗೆ ಅದು ಬೇಕಾಗಿರಲಿಲ್ಲ, ನರಿ ಮುಂದೇನು ಮಾಡಿತು ಎಂದು ಪುಸ್ತಕ ಎಳೆಯುತ್ತಿದ್ದ.

ಇದೇ ಬೆಳೆ ಬೇಳೆಯನ್ನು ನಾನು ಕಡಿಮೆ ಎಂದರೂ ಮೂವತ್ತು ಸಲ ತಿದ್ದಿದ್ದೇನೆ. ನನ್ನ ತಿದ್ದುವಿಕೆ ‘ದೀರ್ಘ’ ಎಂಬ ಪದದಿಂದ ಶುರುವಾಗುತ್ತಿತ್ತು. ಅವನದು ಕಥೆ ಕೆಟ್ಟಿತಲ್ಲ ಎಂಬ ತಕರಾರಿನಿಂದ.

ಗುರುವಾರ

ಗುರುವಾರ ನೀರಿಲ್ಲ ಎಂದು ಸೊಸಾಯಿಟಿಯ ಫಲಕದಲ್ಲಿ ಮರಾಠಿಯಲ್ಲಿ ಬರೆದಿದ್ದನ್ನು ಮಗಳೇ ಹಿಂದಿನ ದಿನ ಓದಿ ಬಂದಿದ್ದಳು. ಹೊರಗೆ ಮಳೆ ಹೊಯ್ಯುತ್ತಿತ್ತು, ನಲ್ಲಿ ಒಣಗಿತ್ತು. ತುಂಬಿಸಿಟ್ಟ ಬಕೆಟುಗಳ ನಡುವೆಯೇ ಇಬ್ಬರೂ ಓದಲು ಕುಳಿತರು.

‘ನರಿಗೆ ಆಶ್ಚರ್ಯವಾಯಿತು’ ಎಂಬ ಸಾಲು. ಆ ಪದವನ್ನೊಮ್ಮೆ ಮಗುವಿನ ಕಣ್ಣಿನಿಂದ ನೋಡಬೇಕು. ಶಕಾರ, ಅದರ ಕಾಲಡಿಗೆ ಚಕಾರ, ಆಮೇಲೆ ಯಕಾರ, ಅದರ ಬೆನ್ನಿಗೆ ಆ ಒಂಬತ್ತು. ನಾನು ಮಾಡಿದ್ದ ಕಾರ್ಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳವಾಗಿದ್ದು ಇದೇ ಕಾರ್ಡಿನ ಮೇಲೆ. “ಆಶಚ... ಆಶಚಯ್ರ... ಆಶ್ಚ...” ನಿಂತಳು. ನಾನು ಬಾಗಿಲಿನ ಹಿಂದೆ ಉಸಿರು ಹಿಡಿದು ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು. ಹುಡುಗ ಬಕೆಟಿನ ನೀರಿನಲ್ಲಿ ಬೆರಳು ಆಡಿಸುತ್ತಿದ್ದ. ಹನ್ನೊಂದಕ್ಕೆ ಅವಳು ನಿಧಾನವಾಗಿ ಹೇಳಿದಳು: “ಆಶ್ಚರ್ಯ. ಅಯ್ಯೋ, ಇದು ಮರಾಠಿಯ ಆಶ್ಚರ್ಯ!”

ಪುಸ್ತಕ ಬಿಟ್ಟು ಓಡಿಬಂದು ನನ್ನ ಕುತ್ತಿಗೆಯ ಚೀಟಿಯ ಮೇಲೆ ದೇವನಾಗರಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಬರೆದು ತೋರಿಸಿದಳು. “ನೋಡು ಅವ್ವ, ಮರಾಠಿಯಲ್ಲಿ ರ ತಲೆಯ ಮೇಲೆ ಹತ್ತಿ ಕೂರುತ್ತದೆ. ಕನ್ನಡದಲ್ಲಿ ಹಿಂದೆ ಹೋಗಿ ಅವಿತುಕೊಳ್ಳುತ್ತದೆ. ಎರಡರಲ್ಲೂ ಅದು ಮೊದಲು ಓಡಿಬರುತ್ತದೆ.”

ರೇಫವೆಂದರೆ ಇಷ್ಟೇ. ಹತ್ತು ತಿಂಗಳು ನಾನು ಮರಾಠಿಯನ್ನು ಬೈದುಕೊಂಡೇ ಕನ್ನಡ ಕಲಿಸಿದ್ದೆ. ಎರಡೂ ಭಾಷೆ ಒಂದೇ ಸಂಸ್ಕೃತದ ಉಗ್ರಾಣದಿಂದ ಪದ ಎತ್ತಿಕೊಂಡಿವೆ. ಆಶ್ಚರ್ಯ, ಸೂರ್ಯ, ಕಾರ್ಯ, ವರ್ಷ, ಇವೆಲ್ಲ ಅವಳಿಗೆ ಬೀದಿಯ ಫಲಕಗಳಿಂದಲೇ ಪರಿಚಯ. ಆ ದಾರಿಯಲ್ಲಿ ಅವಳು ಕನ್ನಡಕ್ಕೆ ಬರಬಹುದಿತ್ತು. ದಾರಿಗೆ ಅಡ್ಡ ನಿಂತಿದ್ದವಳು ನಾನು.

ಒಂದು ಸಮಾಧಾನವನ್ನೂ ಇಲ್ಲಿ ಸೇರಿಸುತ್ತೇನೆ, ಇತರ ತಾಯಂದಿರಿಗೆ ಬೇಕಾದೀತು. ಒಂಬತ್ತು ವರ್ಷಕ್ಕೂ ಒತ್ತಕ್ಷರ ತಡವರಿಸುತ್ತದೆ ಎಂದರೆ ಮಗು ಮಂಕು ಎಂದು ಅರ್ಥವಲ್ಲ. ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಇಂಗ್ಲಿಷಿನ ಅಕ್ಷರಮಾಲೆಗಿಂತ ಬಹಳ ಹೆಚ್ಚು ಕಾಲ ಬೇಕೆಂದೂ ನಾಲ್ಕನೆಯ ತರಗತಿಯಲ್ಲೂ ಆ ಕಲಿಕೆ ಮುಗಿದಿರುವುದಿಲ್ಲವೆಂದೂ ಕಂಡುಬಂದಿತ್ತು. ಇಪ್ಪತ್ತಾರು ಅಕ್ಷರದ ಗಡಿಯಾರವನ್ನು ನಮ್ಮ ಕಾಗುಣಿತಕ್ಕೆ ಕಟ್ಟಿ ನಾನು ಅವಸರಪಟ್ಟಿದ್ದೆ.

ಶುಕ್ರ, ಶನಿ

ಶುಕ್ರವಾರದ ಹೊತ್ತಿಗೆ ಚೀಟಿಗಳ ಲೆಕ್ಕ ಎಪ್ಪತ್ತು ದಾಟಿತ್ತು. ಅವನ್ನು ಅವಳು ಓದಲೇಬೇಕಿತ್ತು, ಇಲ್ಲವಾದರೆ ಊಟವೂ ಇಲ್ಲ, ಜಗಳವೂ ಇಲ್ಲ. ಅವಸರದಲ್ಲಿ ನಾನು ‘ಚಪಲಿ ಒಳಗೆ ಇಡು’ ಎಂದು ಬರೆದಿದ್ದೆ. ಅವಳು ಪೆನ್ಸಿಲ್ ತಂದು, ಪಕಾರದ ಕೆಳಗೆ ಒಂದು ಒತ್ತು, ಲಕಾರದ ಕೆಳಗೂ ಒಂದು ಒತ್ತು ಹಾಕಿದಳು. ಪಕಾರಕ್ಕೆ ಬೇಕಿತ್ತು, ಲಕಾರಕ್ಕೆ ಬೇಡವಾಗಿತ್ತು. ಒಂದು ಸರಿ, ಒಂದು ತಪ್ಪು. ಅಂಚಿನಲ್ಲಿ, ನನ್ನ ಪ್ರೂಫ್ ಹಾಳೆಗಳಲ್ಲಿ ನೋಡಿ ಕಲಿತಂತೆ, ಅಡ್ಡಗೆರೆಯ ಗುರುತು ಬೇರೆ. ಆ ಚೀಟಿಯನ್ನು ಎತ್ತಿಟ್ಟಿದ್ದೇನೆ.

ಸಂಜೆ ಅಪ್ಪನ ಪಾಠ. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಅಯೂಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಬಹಳ ವರ್ಷ ಇದ್ದ ಅರವಿಂದ ಗುಪ್ತಾ ಜನಪ್ರಿಯಗೊಳಿಸಿದ ಆಟ, ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸುವುದು. ತ್ರಿಕೋನ ಅಲುಗಾಡಲಿಲ್ಲ, ಚೌಕ ಅಲುಗಾಡಿತು. ಹುಡುಗ ಕಡ್ಡಿಗಳನ್ನೆಲ್ಲ ಮುರಿದ ಮೇಲೆ ಪಾಠ ಮುಗಿಯಿತು.

ಶನಿವಾರ ಮಳೆ ಬಿಡುವು ಕೊಟ್ಟಿತು. ವನಾಝ್ ನಿಲ್ದಾಣದಿಂದ ಮೆಟ್ರೊ ಹಿಡಿದು ಅಪ್ಪಾ ಬಳವಂತ ಚೌಕಿಗೆ ಹೋದೆವು. ಪುಣೆಯಲ್ಲಿ ಪುಸ್ತಕವೆಂದರೆ ಆ ಚೌಕ. ಅಂಗಡಿಯ ಮುಂದೆಲ್ಲ ಪಠ್ಯಪುಸ್ತಕ, ಗೈಡು, ಹಗ್ಗ ಕಟ್ಟಿದ ಹಳೆಯ ಪುಸ್ತಕಗಳ ಕಟ್ಟು. ನಮ್ಮ ಭಾಷೆಯ ಪುಸ್ತಕ ಹುಡುಕಿ ಹೋದದ್ದಲ್ಲ, ಅಟ್ಲಾಸ್ ಬೇಕಿತ್ತು. ಮಗಳು ದಾರಿಯುದ್ದಕ್ಕೂ ಫಲಕಗಳಲ್ಲಿ ರೇಫ ಎಣಿಸುತ್ತ ಬಂದಳು, ತಲೆಯ ಮೇಲೆ ಹತ್ತಿ ಕೂತ ರ ಎಷ್ಟು ಎಂದು. ಮೂವತ್ತರ ಮೇಲೆ ಲೆಕ್ಕ ತಪ್ಪಿತು. ಅವಳ ಅಪ್ಪ ಅಂಗಡಿಯವನ ಜೊತೆ ಚೌಕಾಸಿ ಮಾಡಲು ಹೋಗಿ, ಪುಣೆಯಲ್ಲಿ ಹನ್ನೊಂದು ವರ್ಷವಾದರೂ ಆ ಕಲೆ ಬರಲಿಲ್ಲವೆಂದು ಮತ್ತೊಮ್ಮೆ ತೋರಿಸಿಕೊಟ್ಟರು.

ಭಾನುವಾರ

ವಾಡಿಕೆಯಂತೆ ಅಜ್ಜಿಗೆ ರೆಕಾರ್ಡಿಂಗ್. ಈ ಸಲ ಓದುವವಳ ಪಕ್ಕದಲ್ಲಿ ಕುಳಿತವನು ತಮ್ಮ. ಆರು ನಿಮಿಷ ನಡೆಯಿತು. ನನ್ನ ಗುರುತುಗಳ ಪ್ರಕಾರ ತಪ್ಪು ಹತ್ತೊಂಬತ್ತು. ಅದರಲ್ಲಿ ಎಂಟನ್ನು ತಾನೇ ತಿದ್ದಿಕೊಂಡಳು. ಮೂರು ಕಡೆ ತಮ್ಮನ ಪ್ರಶ್ನೆಯಿಂದ ಹಿಂದಿರುಗಿದಳು. ಎಂಟು ಹಾಗೇ ಉಳಿದವು. ಉಳಿದ ಎಂಟರಲ್ಲಿ ಅರ್ಥ ಕೆಟ್ಟದ್ದು ಎರಡು ಕಡೆ ಮಾತ್ರ.

ಅಜ್ಜಿ ಹೂವಿನ ಚಿತ್ರ ಕಳುಹಿಸಲಿಲ್ಲ, ಫೋನ್ ಮಾಡಿದರು. ಮೊಮ್ಮಗಳಿಗೆ ಹೇಳಿದರು: “ಇಷ್ಟು ದಿನ ನಿನ್ನ ಅವ್ವನ ಪಾಠ ಕೇಳುತ್ತಿದ್ದೆ ತಂಗಿ, ಇವತ್ತು ಕಥೆ ಕೇಳಿದೆ. ಆ ನರಿ ಕೊನೆಗೆ ಸಿಕ್ಕಿತೋ ಇಲ್ಲವೋ?” ಸ್ಪೀಕರ್ ಹಾಕಿತ್ತು. ನನಗೆ ಉತ್ತರ ಕೊಡುವ ದನಿ ಇರಲಿಲ್ಲ. ಅತ್ತೆಗೆ ಅದು ಚೆನ್ನಾಗಿ ಗೊತ್ತಿತ್ತು.

ಆಮೇಲೆ

ಒಂಬತ್ತನೆಯ ದಿನ ದನಿ ಬಂತು, ಹರಿದ ಬಟ್ಟೆಯಂತೆ. ಹತ್ತು ಗಂಟೆಗೆ ಅವರಿಬ್ಬರೂ ಓದುತ್ತಿದ್ದರು. ‘ಕೊಳ’ ಎಂಬುದನ್ನು ‘ಕೋಳ’ ಎಂದಳು. “ಕೊಳ!” ಎಂದುಬಿಟ್ಟೆ. ಒಂಬತ್ತು ದಿನಗಳ ನಂತರ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಮಗಳು ಪುಸ್ತಕ ಮುಚ್ಚಿ, ಬಟ್ಟೆ ಮಡಚುವವರ ತಾಳ್ಮೆಯಲ್ಲಿ ಹೇಳಿದಳು: “ಅವ್ವ, ನೀನು ಒಳಗೆ ಹೋಗಿ ಪ್ರೂಫ್ ನೋಡು.”

ಅದೇ ಈಗ ನಮ್ಮ ವ್ಯವಸ್ಥೆ. ಹತ್ತರಿಂದ ಹತ್ತೂವರೆ ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪರರ ಪುಸ್ತಕ ತಿದ್ದುತ್ತೇನೆ. ವಾರಕ್ಕೊಮ್ಮೆ, ಬೇರೆ ಹೊತ್ತಿನಲ್ಲಿ, ಅವಳು ಬರೆದದ್ದನ್ನು ನನಗೆ ತಂದು ತಿದ್ದಿಸಿಕೊಳ್ಳುತ್ತಾಳೆ. ಕಾಗದದ ಮೇಲಿನ ತಿದ್ದುಪಡಿಗೆ ಅವಳಿಗೆ ಬೇಸರವಿಲ್ಲ. ಓದು ಮಾತ್ರ ನನ್ನ ಕೈ ಬಿಟ್ಟಿದೆ.

ಮಕ್ಕಳ ಅಪ್ಪ ಈ ಬರಹವನ್ನು ಓದಿ ಇಂಜಿನಿಯರರ ತಕರಾರು ತೆಗೆದರು. ಒಂದೇ ವಾರದಲ್ಲಿ ನೀನು ನಾಲ್ಕು ವಿಷಯ ಬದಲಿಸಿದ್ದೀಯೆ: ತಿದ್ದುವುದು ನಿಂತಿತು, ತಮ್ಮ ಕೇಳುಗನಾದ, ದಿನಕ್ಕೆ ಹತ್ತಾರು ಚೀಟಿ ಓದಿಸಿದೆ, ಪುಸ್ತಕವೂ ಹೊಸದು. ಯಾವುದರಿಂದ ಏನಾಯಿತು ಎಂದು ಹೇಗೆ ಹೇಳುತ್ತೀಯೆ? ಹೇಳಲಾರೆ. ಚೀಟಿಗಳ ಪಾಲು ನಾನು ಎಣಿಸಿದ್ದಕ್ಕಿಂತ ದೊಡ್ಡದಿರಬಹುದು ಎಂದೇ ನನಗೂ ಅನ್ನಿಸುತ್ತದೆ. ತಿದ್ದದೆ ಬಿಟ್ಟರೆ ತಪ್ಪು ಬೇರೂರುತ್ತದೆ ಎಂಬ ಅವರ ಎರಡನೆಯ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ. ಮೂರು ತಿಂಗಳಾದ ಮೇಲೂ ‘ಕೊಳ’ ಅವಳಿಗೆ ‘ಕೋಳ’ವೇ. ಪುಣೆಯಲ್ಲಿ ಹುಟ್ಟಿ ಬೆಳೆದ ಮಗು, ಕೊಳ ಎಂಬ ಪದ ನಮ್ಮ ಮನೆಯ ಮಾತಿನಲ್ಲಿ ಬರುವುದಾದರೂ ಯಾವಾಗ? ಬೇಳೆಗೆ ಡಬ್ಬವಿತ್ತು, ಕೊಳಕ್ಕೆ ಏನಿದೆ? ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಸಾಧನಕೇರಿಯ ಕೆರೆ ತೋರಿಸಬೇಕು ಎಂದುಕೊಂಡಿದ್ದೇನೆ. ಅದು ಕೆರೆಯಾಯಿತು, ಕೊಳವಲ್ಲ ಎಂದು ಅತ್ತೆ ಈಗಾಗಲೇ ಹೇಳಿದ್ದಾರೆ.

‘ಸೂಯ್ರ’ ಎಂಬುದು ಈಗ ಮನೆಯಲ್ಲಿ ತಮಾಷೆಯ ಪದ. ಮಳೆ ನಿಂತು ಬಿಸಿಲು ಬಂದರೆ ಹುಡುಗ “ಸೂಯ್ರ ಬಂತು” ಎನ್ನುತ್ತಾನೆ, ಅಕ್ಕ ಅವನನ್ನು ತಿದ್ದುತ್ತಾಳೆ.

ಅಜ್ಜಿಯ ಪುಸ್ತಕ ಕಳೆದ ಮಂಗಳವಾರ ಮುಗಿಯಿತು. ಬಾಗಿಲಿನ ಆಚೆಯಿಂದ, ಮುಂದಿನದು ಯಾವುದು ಎಂದು ಕೇಳಿದ ದನಿ ಚಿಕ್ಕವನದು.